ನೆನಪಿನ ಟಾನಿಕ್ ಕೇಳುವ ಮೊದಲು

ಜನವರಿ ಕಾಲಿಟ್ಟಿತೆಂದರೆ ನಮ್ಮಂಥ ಸಾಮಾನ್ಯ ವೈದ್ಯರ ಬಳಿ ಒಂದು ಬೇಡಿಕೆ ತಪ್ಪದೆ ಬರುತ್ತದೆ. 'ಡಾಕ್ಟ್ರೇ, ಮಗಳು ಸೆಕೆಂಡ್ ಪಿಯುಸಿ. ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲವಂತೆ. ನೆನಪಿನ ಶಕ್ತಿಗೆ ಒಳ್ಳೆಯ ಟಾನಿಕ್ ಬರೆದುಕೊಡಿ.' ಪರೀಕ್ಷೆಗೆ ಎರಡು ತಿಂಗಳಿರುವಾಗ ಕುಡಿದು ಅಂಕ ಹೆಚ್ಚಿಸಿಕೊಳ್ಳುವಂಥ ಟಾನಿಕ್ ಯಾವುದೂ ಇಲ್ಲ. ಅಂಗಡಿಯಲ್ಲಿ ಬಣ್ಣದ ಡಬ್ಬಿಗಳಲ್ಲಿ ಸಿಗುವುದರಿಂದ ಹಗುರಾಗುವುದು ಅಪ್ಪನ ಜೇಬು ಮಾತ್ರ. ಆದರೆ ಇದೇ ತಾಯಿ ಮಗಳು ಎಂಟನೆಯ ತರಗತಿಯಲ್ಲಿದ್ದಾಗ ಬಂದಿದ್ದರೆ ಮಾಡಬಹುದಾದದ್ದು ಬೇಕಾದಷ್ಟಿತ್ತು.

ನಮ್ಮ ರಾಜ್ಯದಲ್ಲಿ ವೃತ್ತಿಪರ ಕಾಲೇಜುಗಳ ಪ್ರವೇಶಕ್ಕೆ ಸಿಇಟಿ ಆರಂಭವಾದದ್ದು 1994ರಲ್ಲಿ. ಈಗ ಮೆಡಿಕಲ್ ಸೀಟಿಗೆ ನೀಟ್ ಬರೆಯಬೇಕು. ಎರಡಕ್ಕೂ ಪಿಯುಸಿಯ ಎರಡು ವರ್ಷಗಳ ಪಾಠ ಬೇಕು. ಆ ಪಾಠಕ್ಕೆ ಹೈಸ್ಕೂಲಿನ ಗಣಿತ, ವಿಜ್ಞಾನವೇ ಬುನಾದಿ. ಹೀಗೆ ನಾಲ್ಕೈದು ವರ್ಷ ಎಳೆಯುವ ಈ ದುಡಿಮೆ ನಡೆಯುವುದು ದೇಹ ಅತಿ ವೇಗವಾಗಿ ಬೆಳೆಯುವ ವಯಸ್ಸಿನಲ್ಲಿ. ಟ್ಯೂಷನ್ನಿಗೆ ಲೆಕ್ಕ ಹಾಕುವ ಮನೆಗಳು ರಕ್ತದ ಲೆಕ್ಕ ಹಾಕುವುದಿಲ್ಲ.

ಹೌದು, ಮೊದಲು ನೋಡಬೇಕಾದದ್ದು ರಕ್ತವನ್ನೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಹುಡುಗರಲ್ಲಿ ನೂರಕ್ಕೆ 31. ರಕ್ತ ಕಡಿಮೆಯಾದ ಮಗು ಮಲಗಿಬಿಡುವುದಿಲ್ಲ. ಪುಸ್ತಕ ಹಿಡಿದು ಕೂರುತ್ತದೆ, ಮನಸ್ಸು ನಿಲ್ಲುವುದಿಲ್ಲ, ಬೇಗ ಸುಸ್ತಾಗುತ್ತದೆ. ನಾವು 'ಸೋಮಾರಿ' ಎನ್ನುತ್ತೇವೆ. ನೆನಪಿನ ಔಷಧಕ್ಕೆಂದು ಬಂದ ಹುಡುಗಿಯೊಬ್ಬಳ ಹಿಮೋಗ್ಲೋಬಿನ್ 7.8 ಗ್ರಾಂ ಇತ್ತು. ಇರಬೇಕಾದದ್ದು ಕನಿಷ್ಠ 12. ವಿಚಾರಿಸಿದಾಗ, ಪ್ರತಿ ತಿಂಗಳೂ ಎಂಟು ದಿನ ಹೆಚ್ಚು ಸ್ರಾವವಾಗುತ್ತಿದ್ದುದನ್ನು ತಾಯಿಗೂ ಹೇಳಿರಲಿಲ್ಲ. ಅದಕ್ಕೆ ಚಿಕಿತ್ಸೆ, ಜೊತೆಗೆ ಕಬ್ಬಿಣದ ಮಾತ್ರೆ. ಮೂರು ತಿಂಗಳಲ್ಲಿ ಚೇತರಿಸಿಕೊಂಡಳು. ಆ ಹೊತ್ತಿಗೆ ಪರೀಕ್ಷೆ ಮುಗಿದಿತ್ತು.

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ಮಕ್ಕಳು ಕಿಟಕಿಯಾಚೆ ಎಸೆಯುವುದುಂಟು. ಊಟದ ನಂತರ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ. ಮಲ ಕಪ್ಪಾದರೆ ಗಾಬರಿ ಬೇಡ. ಮಾತ್ರೆಯ ಹಿಂದೆ ಮುಂದೆ ಒಂದು ಗಂಟೆ ಕಾಫಿ, ಟೀ ಕೂಡದು, ಅವು ಕಬ್ಬಿಣವನ್ನು ಹೀರಿಕೊಳ್ಳಲು ಬಿಡುವುದಿಲ್ಲ. ಜಂತುಹುಳುವಿನ ಮಾತ್ರೆಯನ್ನೂ ತಪ್ಪಿಸಬಾರದು. ಸೊಪ್ಪು, ಹುರುಳಿಕಾಳಿನ ಸಾರಿಗೆ ನಿಂಬೆಹಣ್ಣು ಹಿಂಡಿ. ತಿನ್ನುವವರು ಮಾಂಸ, ಮೀನು ತಿನ್ನಲಿ.

ಎರಡನೆಯದು ನಿದ್ದೆ. ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ಬೇಕು. ಹಗಲು ಓದಿದ್ದು ಮಿದುಳಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ. ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ಮರೆಯದು ಎನ್ನುತ್ತಾರೆ ಅಜ್ಜಿಯರು. ಅವರ ಕಾಲದಲ್ಲಿ ಮನೆಯೆಲ್ಲ ರಾತ್ರಿ ಎಂಟಕ್ಕೇ ಮಲಗುತ್ತಿತ್ತು! ಹನ್ನೆರಡರವರೆಗೆ ಎಚ್ಚರವಿದ್ದ ಹುಡುಗನನ್ನು ನಾಲ್ಕಕ್ಕೆ ಎಬ್ಬಿಸುವುದು ಓದಿಸುವ ರೀತಿಯಲ್ಲ. ಇನ್ನೊಂದು ಮಾತು: 2025ರ ನೀಟ್ ನಡೆದದ್ದು ಮೇ ತಿಂಗಳಲ್ಲಿ, ಮಧ್ಯಾಹ್ನ 2ರಿಂದ 5 ಗಂಟೆಯವರೆಗೆ. ರಾತ್ರಿಯೆಲ್ಲ ಓದಿ ಮಧ್ಯಾಹ್ನ ಮಲಗುವ ಅಭ್ಯಾಸದವರಿಗೆ ಅದು ತೂಕಡಿಸುವ ಹೊತ್ತು. ಒಂದೆರಡು ತಿಂಗಳು ಮೊದಲೇ ದಿನಚರಿ ಬದಲಿಸಿಕೊಳ್ಳಬೇಕು.

ಕಣ್ಣನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ. ಒಂಬತ್ತನೆಯ ತರಗತಿಯೊಳಗೆ ಒಮ್ಮೆ ಬಣ್ಣ ಗುರುತಿಸುವ ಪರೀಕ್ಷೆಯನ್ನೂ ಮಾಡಿಸಿ. ಕೆಂಪು-ಹಸಿರಿನ ಗೊಂದಲ ಹುಟ್ಟಿನಿಂದಲೇ ಬರುತ್ತದೆ, ಹೆಚ್ಚಾಗಿ ಗಂಡುಮಕ್ಕಳಲ್ಲಿ. ದಿನನಿತ್ಯದ ಬಾಳಿಗೆ ಅದರಿಂದ ಅಷ್ಟೇನೂ ತೊಂದರೆಯಿಲ್ಲದೆ ಇರುವುದರಿಂದ ಎಷ್ಟೋ ಮಂದಿಗೆ ತಮಗದು ಇದೆಯೆಂದೇ ತಿಳಿದಿರುವುದಿಲ್ಲ. ಆದರೆ ಪೈಲಟ್, ಮರ್ಚೆಂಟ್ ನೇವಿ, ಸೈನ್ಯ ಎಂದು ಹೊರಟವರನ್ನು ವೈದ್ಯಕೀಯ ತಪಾಸಣೆಯಲ್ಲಿ ಇದು ತಡೆಯಬಹುದು. ಹತ್ತು ನಿಮಿಷದ ಪರೀಕ್ಷೆ, ನೋವಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಮಂಗಳೂರು, ಮೂಡುಬಿದಿರೆ ಎಂದು ದೂರದ ಹಾಸ್ಟೆಲ್‌ಗೆ ಕಳಿಸುವವರು ಟ್ರಂಕಿನ ಜೊತೆ ಲಸಿಕೆಯ ಕಾರ್ಡನ್ನೂ ತೆಗೆದು ನೋಡಲಿ. 16ನೇ ವರ್ಷದ ಟಿಡಿ ಚುಚ್ಚುಮದ್ದು ಆಗಿದೆಯೇ? ಟೈಫಾಯಿಡ್, ಹೆಪಟೈಟಿಸ್ ಎ ಲಸಿಕೆ ಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಶೌಚಾಲಯ ಕೊಳಕೆಂದು ನೀರೇ ಕುಡಿಯದ ಹುಡುಗಿಯರಿಗೆ ಉರಿಮೂತ್ರ ಬರುತ್ತದೆ. ಸೇರಿಸುವ ಮೊದಲು ಕಾಲೇಜಿನ ಫಲಿತಾಂಶದ ಬೋರ್ಡನ್ನು ಓದುವಂತೆ ಶೌಚಾಲಯವನ್ನೂ ನೋಡಿಬನ್ನಿ.

ಕೊನೆಯದಾಗಿ ಮನಸ್ಸು. ಪರೀಕ್ಷೆಯ ಭಯ ಎಲ್ಲರಿಗೂ ಇರುತ್ತದೆ. ಆದರೆ ಎರಡು ವಾರ ಕಳೆದರೂ ಊಟ, ನಿದ್ದೆ ಸರಿಹೋಗದಿದ್ದರೆ, ಗೆಳೆಯರ ಜೊತೆ ಮಾತು ಬಿಟ್ಟರೆ, 'ನಾನಿದ್ದು ಏನು ಪ್ರಯೋಜನ' ಎಂಬ ಮಾತು ಒಮ್ಮೆ ಬಂದರೂ ಸಾಕು, ಬೈಯಬೇಡಿ, ಪಕ್ಕದ ಮನೆಯ ಹುಡುಗನ ಅಂಕ ಎತ್ತಬೇಡಿ. ಪಕ್ಕದಲ್ಲಿ ಕೂತು ಕೇಳಿ, ಒಂಟಿಯಾಗಿ ಬಿಡಬೇಡಿ, ಅಂದೇ ವೈದ್ಯರ ಬಳಿ ಕರೆತನ್ನಿ. ಟೆಲಿ ಮಾನಸ್ ಎಂಬ ಸರ್ಕಾರಿ ಉಚಿತ ಸಹಾಯವಾಣಿ 2022ರಿಂದ ಇದೆ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.