ಚೀನದ ಮ್ಯಾನೇಜರರೂ ಪಾಶ್ಚಾತ್ಯ ಜೀವನರೀತಿಯೂ

ಭೂಗೋಳದ ಪಾಠವು ನಡೆಯುತ್ತಿದ್ದಾಗ ನಮ್ಮ ಮೇಲಿನ ತರಗತಿಯ ಬಾಲಿಕೆಯೊಬ್ಬಳು, “ಟೀಚರಮ್ಮಾ, ಚೀನದ ಮ್ಯಾನೇಜರರು ಸೂಟು ತೊಟ್ಟು ಕಾಫಿ ಕುಡಿಯುವರಲ್ಲವೇ? ಹಾಗಾದರೆ ಅವರು ಮನಸ್ಸಿನಲ್ಲಿಯೂ ಅಮೆರಿಕದವರೇ ಆಗಿಬಿಟ್ಟರೇ?” ಎಂದು ಕೇಳಿದಳು. ಅಷ್ಟರಲ್ಲಿ ಗಂಟೆ ಬಾರಿಸಿದುದರಿಂದ ಉತ್ತರವು ಅರ್ಧಕ್ಕೆ ನಿಂತಿತು. ಉಳಿದುದನ್ನು ಇಲ್ಲಿ ಬರೆದಿರುವೆನು.

ಹೊರಗಿನ ಮಾರ್ಪಾಟು ಬಹು ಬೇಗನೆ ಆದುದು ನಿಜ. 1978ರಲ್ಲಿ ಆರ್ಥಿಕ ಸುಧಾರಣೆಯು ಮೊದಲಾಗುವ ತನಕ ಅಧಿಕಾರಿಯೂ ಕಾರ್ಮಿಕನೂ ಕತ್ತಿನವರೆಗೆ ಗುಂಡಿಯಿದ್ದ ಒಂದೇ ಬಗೆಯ ಕೋಟನ್ನು ತೊಡುತ್ತಿದ್ದರು. 1980ರ ದಶಕದಲ್ಲಿ ಹೂ ಯಾವೊಬಾಂಗ್ ಮೊದಲಾದ ಮುಖಂಡರೇ ಪಾಶ್ಚಾತ್ಯ ಸೂಟನ್ನು ಧರಿಸತೊಡಗಿದರು. ಬೀಜಿಂಗಿನಲ್ಲಿ 1987ರಲ್ಲಿ ಕೆ.ಎಫ್.ಸಿ. ಭೋಜನಶಾಲೆಯೂ 1999ರಲ್ಲಿ ಸ್ಟಾರ್‌ಬಕ್ಸ್ ಕಾಫಿ ಅಂಗಡಿಯೂ ತೆರೆದುವು. ಮರುವರ್ಷ ಆ ಕಾಫಿ ಅಂಗಡಿಯು ಪುರಾತನ ರಾಜಭವನದ ಆವರಣವನ್ನೇ ಹೊಕ್ಕಿತು. ಜನರ ಆಕ್ಷೇಪಣೆ ಬೆಳೆದು 2007ರಲ್ಲಿ ಅಲ್ಲಿಂದ ಹೊರಟಿತು. ಆಕ್ಷೇಪಿಸಿದವರಲ್ಲಿ ಎಷ್ಟೋ ಮಂದಿ ಬೇರೆ ಬೀದಿಯಲ್ಲಿ ಅದೇ ಕಾಫಿಯನ್ನು ಕುಡಿಯುತ್ತಿದ್ದಿರಬೇಕು!

ಆದರೆ ಮನಸ್ಸನ್ನು ತಿರುಗಿಸಿದ್ದು ಕಾಫಿಯಲ್ಲ. ಹಿಂದೆ ಸರಕಾರದ ಕಾರ್ಖಾನೆಯು ತನ್ನ ನೌಕರನಿಗೆ ಆಜೀವ ಕೆಲಸ, ಮನೆ, ವೈದ್ಯಸಹಾಯ, ಮಕ್ಕಳಿಗೆ ಶಾಲೆ ಎಲ್ಲವನ್ನೂ ಒದಗಿಸುತ್ತಿತ್ತು. ಎಂದೂ ಒಡೆಯದ ಈ ಆಧಾರವನ್ನು ಚೀನೀಯರು ಕಬ್ಬಿಣದ ಅನ್ನದ ಬಟ್ಟಲು ಎಂದು ಕರೆದರು. 1986ರಿಂದ ಹೊಸ ಕಾರ್ಮಿಕರಿಗೆ ಕರಾರಿನ ನೌಕರಿ ಬಂದಿತು. 1998ರಲ್ಲಿ ಮನೆ ಹಂಚುವ ಪದ್ಧತಿಯೂ ನಿಂತಿತು. ತನ್ನ ಮನೆಯನ್ನು ತಾನೇ ಕೊಳ್ಳಬೇಕಾದವನು ತನ್ನ ಏಳಿಗೆಯನ್ನು ಮೊದಲು ನೋಡುವುದು ಆಶ್ಚರ್ಯವೇ? ಇದನ್ನು ಸ್ವಾರ್ಥವೆಂದು ಕರೆಯಲು ನನಗೆ ಮನಸ್ಸು ಬಾರದು.

ರಾಲ್‌ಸ್ಟನ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಚೀನದ ಸರಕಾರೀ ಉದ್ಯಮಗಳ 800ಕ್ಕೂ ಮಿಕ್ಕ ಮ್ಯಾನೇಜರರನ್ನೂ ವೃತ್ತಿನಿರತರನ್ನೂ ವಿಚಾರಿಸಿ 1999ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಹೊಸ ತಲೆಮಾರಿನವರು ಸ್ವತಂತ್ರರಾಗಿ ನಡೆಯುವರು, ಲಾಭಕ್ಕಾಗಿ ಅಪಾಯಕ್ಕೂ ಮುಂದಾಗುವರು. ಆದರೂ ಕನ್‌ಫ್ಯೂಷಿಯಸನ ಬೋಧನೆಯಿಂದ ಬಂದ ಮೌಲ್ಯಗಳನ್ನು ತೊರೆದಿಲ್ಲವೆಂದು ಅವರು ಕಂಡರು. ಹಿರಿಯರಿಗೆ ವಿಧೇಯತೆ, ಪರಸ್ಪರ ಉಪಕಾರದಿಂದ ಕಟ್ಟಿದ ಗ್ವಾನ್‌ಶಿ ಎಂಬ ಬಾಂಧವ್ಯ, ನಾಲ್ಕು ಜನರೆದುರು ಯಾರ ಮುಖವನ್ನೂ ಬಾಡಿಸದ ಎಚ್ಚರ, ಇವು ಆ ಸಂಸ್ಕಾರದವು. ಸೂಟು ತೊಟ್ಟ ಮ್ಯಾನೇಜರನು ಕೈಕೆಳಗಿನವನ ತಪ್ಪನ್ನು ಸಭೆಯಲ್ಲಿ ಆಡದೆ, ಬಾಗಿಲು ಮುಚ್ಚಿ ತಿಳಿಸುವುದು ಇದರಿಂದಲೇ.

ಉಡಿಗೆಯನ್ನು ನೋಡಿ ಹೃದಯವನ್ನು ಅಳೆಯುವ ಅಭ್ಯಾಸವು ನಮ್ಮಲ್ಲಿಯೂ ಉಂಟು. ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡು ಬಂದ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಕಂಡು ನಾನೂ ಒಮ್ಮೆ ದುಡುಕಿದೆನು. ಅವಳು ತನ್ನ ಸಂಬಳದಲ್ಲಿ ತಮ್ಮಂದಿರಿಬ್ಬರನ್ನು ಓದಿಸುತ್ತಿದ್ದಳೆಂಬುದು ತಡವಾಗಿ ತಿಳಿಯಿತು.

ಚೀನದ ನಗರಗಳಲ್ಲಿ ವಸಂತೋತ್ಸವ ಸಮೀಪಿಸಿದರೆ ರೈಲುಗಳು ಊರಿಗೆ ಹೋಗುವವರಿಂದ ತುಂಬುವುವು. ಒಂದೇ ಮಗುವೆಂಬ ನಿಯಮದ ಕಾಲದಲ್ಲಿ ಹುಟ್ಟಿದ ಎಷ್ಟೋ ಮಂದಿಗೆ ವೃದ್ಧ ತಂದೆತಾಯಿಗಳ ಭಾರವನ್ನು ಹಂಚಿಕೊಳ್ಳಲು ಒಡಹುಟ್ಟಿದವರಿಲ್ಲ. ದೂರವಿರುವ ಮಕ್ಕಳು ಆಗಾಗ ಹೆತ್ತವರನ್ನು ಕಾಣಬೇಕೆಂಬ ಕಾನೂನು 2013ರಲ್ಲಿ ಜಾರಿಗೆ ಬಂದಿತು. ಇದನ್ನು ಹೇಳಿದಾಗ ಆ ಬಾಲಿಕೆಯು, “ಆ ಮೌಲ್ಯವು ಉಳಿದಿದ್ದರೆ ಕಾನೂನು ಏಕೆ ಬೇಕಾಯಿತು, ಟೀಚರಮ್ಮಾ?” ಎಂದಳು. ಕೆಲಸದ ಒತ್ತಡವೆಂದೂ ಊರಿನ ದೂರವೆಂದೂ ಹೇಳಿದೆನು. ಅವಳಿಗೆ ಅದು ಸಾಲದೆಂದು ಅವಳ ಮುಖವೇ ಹೇಳಿತು, ನನಗೂ ಸಾಲದು.