ಇಪ್ಪತ್ತು ತಿಂಗಳ ಕರಾರು, ಇನ್ನೂರು ವರ್ಷದ ಜಗಳ

ಸೂಳೆಕೆರೆಯ ಚನ್ನಗಿರಿ ಸೀಮೆಗೆ ಮೈತ್ರಿ ರಾಜಕಾರಣ ಹೊಸದಲ್ಲ. 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲೇ ಮಾತಾಡಿ ಹೆಸರಾದ ಜೆ.ಎಚ್. ಪಟೇಲರು ಈ ತಾಲ್ಲೂಕಿನ ಕಾರಿಗನೂರಿನವರು. ಅಪ್ಪಟ ಸಮಾಜವಾದಿ. 1999ರಲ್ಲಿ, ಮುಖ್ಯಮಂತ್ರಿ ಕುರ್ಚಿಯಲ್ಲಿದ್ದಾಗಲೇ, ಜನತಾದಳದ ಅವರ ಬಣ ಬಿಜೆಪಿ ನೇತೃತ್ವದ ಎನ್‌ಡಿಎ ಕಡೆ ವಾಲಿತು. ಅದನ್ನು ಒಪ್ಪದ ದೇವೇಗೌಡರು ಬೇರೆ ಪಕ್ಷ (ಜೆಡಿಎಸ್) ಕಟ್ಟಿ, ಹೆಸರಲ್ಲೇ ‘ಜಾತ್ಯತೀತ’ ಎಂದು ಸೇರಿಸಿಕೊಂಡರು.

ಏಳು ವರ್ಷ ತುಂಬುವ ಮೊದಲೇ ಆ ಪಕ್ಷವೂ ಬಿಜೆಪಿ ಜತೆ ಕೂತಿತು. 2004ರ ಚುನಾವಣೆಯಲ್ಲಿ ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜೆಡಿಎಸ್‌ಗೆ 58 ಸ್ಥಾನ, ಯಾರಿಗೂ ಬಹುಮತವಿಲ್ಲ. ಕಾಂಗ್ರೆಸ್-ಜೆಡಿಎಸ್ ಮೈತ್ರಿಯ ಧರ್ಮಸಿಂಗ್ ಸರ್ಕಾರ ಬಿದ್ದು, 2006ರ ಫೆಬ್ರುವರಿ 3ರಂದು ಕುಮಾರಸ್ವಾಮಿ ಮುಖ್ಯಮಂತ್ರಿಯಾದರು, ಯಡಿಯೂರಪ್ಪ ಉಪಮುಖ್ಯಮಂತ್ರಿ. ತಲಾ ಇಪ್ಪತ್ತು ತಿಂಗಳ ಕರಾರು. ಕ್ರಿಕೆಟ್ ಹುಚ್ಚಿನ ನಾಡು ಅದಕ್ಕೆ 20-20 ಎಂದು ಹೆಸರಿಟ್ಟಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಉನ್ನತ ಶಿಕ್ಷಣ ಸಚಿವ, ಬಿಜೆಪಿಯ ಶಿವಮೊಗ್ಗದ ಡಿ.ಎಚ್. ಶಂಕರಮೂರ್ತಿ ಒಂದು ಮಾತು ಎಸೆದರು: ಟಿಪ್ಪು ಆಡಳಿತದಲ್ಲಿ ಪಾರಸಿ ತಂದವನು, ಕನ್ನಡ ವಿರೋಧಿ. ಟಿಪ್ಪುವಿನ ಕನಸುಗಳ ಮೇಲೆ ನಾಟಕ ಬರೆದಿದ್ದ ಗಿರೀಶ ಕಾರ್ನಾಡರು ಸುಮ್ಮನಿರಲಿಲ್ಲ. ಅವರಿಗೆ ಎಸ್.ಎಲ್. ಭೈರಪ್ಪ ಉತ್ತರಿಸಿದರು. ‘ವಿಜಯ ಕರ್ನಾಟಕ’ದ ಪುಟಗಳು ವಾದ, ಪ್ರತಿವಾದಗಳಿಂದ ತುಂಬಿದವು. ಮರುವರ್ಷ ಭೈರಪ್ಪನವರ ‘ಆವರಣ’ ಬಂತು. ಮುದ್ರಣದ ಮೇಲೆ ಮುದ್ರಣ ಕಂಡಿತು.

ಸಚಿವರು ಆಗಲೇ ಏಕೆ ಆ ಮಾತೆತ್ತಿದರು? ಸೂಳೆಕೆರೆಯಂಥ ಕೆರೆಯ ಹೂಳೆತ್ತಬೇಕಾದರೆ ಹಣಕಾಸು ಇಲಾಖೆ ಒಪ್ಪಬೇಕು, ಮಿತ್ರಪಕ್ಷ ಒಪ್ಪಬೇಕು. ಟಿಪ್ಪುವನ್ನು ಬೈಯಲು ಯಾರ ಸಹಿಯೂ ಬೇಡ. ಕುರ್ಚಿ ಹಂಚಿಕೊಂಡವರು ಮತದಾರರನ್ನು ಹಂಚಿಕೊಳ್ಳುವುದಿಲ್ಲ ಎಂಬುದು ಇಷ್ಟರಲ್ಲೇ ಕಾಣುತ್ತದೆ.

ಇತಿಹಾಸದ ಗಾಯಗಳು ಸುಳ್ಳೆಂದಲ್ಲ. ಇದೇ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಹೋಗಿ ನೋಡಿ. ಹನುಮಪ್ಪ ನಾಯಕನ ಪುಷ್ಕರಣಿ, ಮೆಟ್ಟಿಲುಗಳ ನಡುವೆ ನೀರಲ್ಲಿ ನಿಂತ ಮಂಟಪ. ಎದುರಿಗೇ ಬಿಜಾಪುರದ ರಣದುಲ್ಲಾ ಖಾನನ ಕಾಲದ ಮುಸಾಫಿರ್‌ಖಾನೆ. ಗುಡಿ ಒಡೆದ ಕಥೆಯೂ ನಾಯಕ ಸೇಡು ತೀರಿಸಿಕೊಂಡ ಕಥೆಯೂ ಅಲ್ಲಿ ಒಟ್ಟಿಗೇ ಸಿಗುತ್ತವೆ. ಯಾವುದೋ ಒಂದನ್ನು ಮಾತ್ರ ಹೇಳಿ ಮುಗಿಸುವುದು ವೇದಿಕೆಯ ಭಾಷಣಕ್ಕಷ್ಟೇ ಸರಿ.

2007ರ ಅಕ್ಟೋಬರಿನಲ್ಲಿ ಕುಮಾರಸ್ವಾಮಿ ಕುರ್ಚಿ ಬಿಡುವ ಸರದಿ ಬಂದಾಗ ಕರಾರು ಮುರಿಯಿತು, ರಾಷ್ಟ್ರಪತಿ ಆಳ್ವಿಕೆ ಬಂತು. ನವೆಂಬರಿನಲ್ಲಿ ಪ್ರಮಾಣವಚನ ಸ್ವೀಕರಿಸಿದ ಯಡಿಯೂರಪ್ಪ ಒಂದೇ ವಾರಕ್ಕೆ ಇಳಿದರು. ಸರ್ಕಾರ ಹೋಯಿತು, ಜಗಳ ಉಳಿಯಿತು. 2015ರಲ್ಲಿ ಸಿದ್ದರಾಮಯ್ಯ ಸರ್ಕಾರ ಟಿಪ್ಪು ಜಯಂತಿ ಶುರುಮಾಡಿದಾಗ ಮಡಿಕೇರಿಯಲ್ಲಿ ಗಲಭೆಯಾಯಿತು.

2019ರಲ್ಲಿ ಶಾಸಕರ ರಾಜೀನಾಮೆಗಳಿಂದ ಮತ್ತೊಂದು ಮೈತ್ರಿ ಸರ್ಕಾರ ಉರುಳಿತು. ಜುಲೈ 29ರಂದು ಯಡಿಯೂರಪ್ಪ ವಿಶ್ವಾಸಮತ ಗೆದ್ದರು. ಮರುದಿನವೇ ಟಿಪ್ಪು ಜಯಂತಿ ರದ್ದಾಯಿತು. ಆಗ ಸಂಪುಟದಲ್ಲಿ ಮುಖ್ಯಮಂತ್ರಿಯನ್ನು ಬಿಟ್ಟರೆ ಬೇರೊಬ್ಬ ಸಚಿವರೂ ಇರಲಿಲ್ಲ.