ಮುಖ ನೋಡಿ ಮಣೆ ಹಾಕದ ಆಟ

ನಾಲ್ಕು ಚೀಟಿಗಳನ್ನು ಮಡಿಸಿ ನೆಲಕ್ಕೆ ಎಸೆದು, ಒಬ್ಬೊಬ್ಬರೂ ಒಂದೊಂದನ್ನು ಆರಿಸಿಕೊಂಡು, ‘ರಾಜ ಯಾರು?’ ಎಂದು ಕೂಗುವ ಆಟವನ್ನು ಆಡದೆ ಬೆಳೆದ ಮಕ್ಕಳು ನಮ್ಮಲ್ಲಿ ವಿರಳ. ರಾಜ, ಮಂತ್ರಿ, ಸಿಪಾಯಿ, ಕಳ್ಳ – ಚೀಟಿಯ ಮೇಲಿನ ಹೆಸರುಗಳೂ ಅಂಕಗಳೂ ಊರಿಂದೂರಿಗೆ ತುಸು ಬೇರೆಯಾಗುವುದುಂಟು. ಆಟದ ಜೀವ ಮಾತ್ರ ಒಂದೇ. ರಾಜನು ತನ್ನನ್ನು ಪ್ರಕಟಿಸಿಕೊಂಡು, ಮಂತ್ರಿಯನ್ನು ಕರೆದು, ಕಳ್ಳನನ್ನು ಹಿಡಿಯೆಂದು ಆಜ್ಞಾಪಿಸುತ್ತಾನೆ. ಮಂತ್ರಿಯಾದವನು ಉಳಿದಿಬ್ಬರ ಮುಖವನ್ನು ದಿಟ್ಟಿಸಿ ನೋಡಿ, ಒಬ್ಬನತ್ತ ಬೆರಳು ತೋರಿಸಬೇಕು. ಊಹೆ ಸರಿಯಾದರೆ ಅಂಕ ಅವನದು, ತಪ್ಪಿದರೆ ಕಳ್ಳನದು.

ಈ ಆಟದಲ್ಲಿ ಮಂತ್ರಿಗೆ ಆಧಾರವೆಂಬುದು ಏನೂ ಇಲ್ಲ. ಕಣ್ಣು ಮುಚ್ಚಿ ಬೆರಳು ತೋರಿಸಿದರೂ ಅರ್ಧಕ್ಕರ್ಧ ಸಾರಿ ಅವನು ಗೆಲ್ಲುತ್ತಾನೆ. ಆದರೂ ಆಡುವವರೆಲ್ಲರೂ ತಮಗೆ ಮುಖ ಓದುವ ವಿದ್ಯೆ ಸಿದ್ಧಿಸಿದೆಯೆಂದೇ ಭಾವಿಸುತ್ತಾರೆ. ನಗು ತಡೆಯಲಾರದ ಮಗುವನ್ನು ಪ್ರತಿಸಲವೂ ಕಳ್ಳನೆಂದು ಹಿಡಿಯುವುದು ಮನೆಮನೆಯ ಅನುಭವ. ಈ ಚೀಟಿಯಾಟದ ಜಾತಿಗೆ ಸೇರಿದ, ಆದರೆ ಮುಖದ ಬದಲು ಪುರಾವೆಯನ್ನು ನೋಡಲು ಕಲಿಸುವ ಒಂದು ಆಟವನ್ನು ಇಲ್ಲಿ ಪರಿಚಯಿಸಲಾಗಿದೆ.

ಮಾಸ್ಕೋದ ವಿದ್ಯಾರ್ಥಿಗಳು

ಗುಪ್ತಪಾತ್ರದ ಆಟಗಳೆಂದು ಕರೆಯಬಹುದಾದ ಈ ಬಗೆಯ ವಿನೋದಗಳಿಗೆ ಇಂದಿನ ರೂಪ ದೊರೆತದ್ದು ಸೋವಿಯತ್ ಒಕ್ಕೂಟದಲ್ಲಿ, 1980ರ ದಶಕದ ಉತ್ತರಾರ್ಧದಲ್ಲಿ. ಮಾಸ್ಕೋ ರಾಜ್ಯ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದಲ್ಲಿದ್ದ ದಿಮಿತ್ರಿ ದವಿದೋಫ್ ಎಂಬವರು ‘ಮಾಫಿಯಾ’ ಎಂಬ ಆಟವನ್ನು ರಚಿಸಿದರು. ಗುಂಪಿನಲ್ಲಿ ಕೆಲವರು ಪಾತಕಿಗಳು, ಮಿಕ್ಕವರು ನಿರಪರಾಧಿಗಳಾದ ಊರವರು. ಪಾತಕಿಗಳಿಗೆ ತಮ್ಮವರು ಯಾರೆಂಬುದು ತಿಳಿದಿರುತ್ತದೆ; ಊರವರಿಗೆ ತಮ್ಮನ್ನು ಬಿಟ್ಟು ಮತ್ತಾರ ವಿಷಯವೂ ತಿಳಿಯದು. ‘ರಾತ್ರಿ’ ಎಲ್ಲರೂ ಕಣ್ಣು ಮುಚ್ಚಿರುವಾಗ ಪಾತಕಿಗಳು ಒಬ್ಬನನ್ನು ಕೊಲ್ಲುತ್ತಾರೆ. ‘ಹಗಲು’ ಎಲ್ಲರೂ ಕೂಡಿ ಚರ್ಚಿಸಿ, ಬಹುಮತದಿಂದ ಒಬ್ಬನನ್ನು ಅಪರಾಧಿಯೆಂದು ಹೊರಹಾಕುತ್ತಾರೆ. ತಿಳಿದಿರುವ ಅಲ್ಪಸಂಖ್ಯೆಗೂ ತಿಳಿಯದ ಬಹುಸಂಖ್ಯೆಗೂ ನಡೆಯುವ ಸೆಣಸಾಟವೇ ಇದರ ತಿರುಳು.

1997ರಲ್ಲಿ ಅಮೆರಿಕದ ಆಂಡ್ರೂ ಪ್ಲಾಟ್ಕಿನ್ ಇದೇ ಆಟಕ್ಕೆ ಐರೋಪ್ಯ ಜಾನಪದದ ತೋಳಮಾನವರ ವೇಷ ತೊಡಿಸಿದರು. ‘ವೇರ್‌ವುಲ್ಫ್’ ಎಂಬ ಆ ಹೆಸರಿನಲ್ಲಿ ಅದು ಮತ್ತಷ್ಟು ದೇಶಗಳಿಗೆ ಹಬ್ಬಿತು. 2020ರಲ್ಲಿ ಲೋಕವೆಲ್ಲ ಮನೆಯೊಳಗೆ ಕುಳಿತಿದ್ದಾಗ ನಮ್ಮ ಯುವಕರು ಫೋನಿನಲ್ಲಿ ಆಡಿದ ‘ಅಮಾಂಗ್ ಅಸ್’ ಕೂಡ ಇದೇ ವಂಶದ ಕುಡಿ.

ಗಣಿತಜ್ಞರೂ ಈ ಆಟವನ್ನು ಕಡೆಗಣಿಸಲಿಲ್ಲ. ಬ್ರೇವರ್‌ಮನ್, ಎತೆಸಾಮಿ, ಮೊಸೆಲ್ ಎಂಬ ಮೂವರು 2008ರಲ್ಲಿ ಪ್ರಕಟಿಸಿದ ಪ್ರಬಂಧವೊಂದು, ಪತ್ತೇದಾರನಿಲ್ಲದ ಆಟದಲ್ಲಿ ಎರಡು ಪಕ್ಷಗಳ ಬಲವೂ ಸರಿಸಮವಾಗಲು ಪಾತಕಿಗಳ ಸಂಖ್ಯೆ ಒಟ್ಟು ಜನರ ವರ್ಗಮೂಲದ ಪ್ರಮಾಣದಲ್ಲಿದ್ದರೆ ಸಾಕೆಂದು ತೋರಿಸಿತು. ಎಂದರೆ, ನೂರು ಮಂದಿಯನ್ನು ಎದುರಿಸಲು ಐವತ್ತು ಮಂದಿ ಬೇಡ. ಹತ್ತರ ಆಸುಪಾಸಿನ ಒಂದು ಕೂಟ ಸಾಕು. ಒಗ್ಗಟ್ಟಾಗಿರುವ ಕೆಲವರ ಮುಂದೆ ಒಬ್ಬರನ್ನೊಬ್ಬರು ನಂಬದ ಹಲವರು ಎಷ್ಟು ದುರ್ಬಲರೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಬೇಕಿಲ್ಲ.

ಮೂಲ ಆಟದಲ್ಲಿ ಎರಡು ಕೊರತೆಗಳಿದ್ದವು. ಹೊರಬಿದ್ದವನು ಕೊನೆಯವರೆಗೂ ಸುಮ್ಮನೆ ಕುಳಿತಿರಬೇಕು. ಮೊದಲ ಹಗಲಿನಲ್ಲಿ ಯಾರ ಬಳಿಯೂ ಯಾವ ಸುಳಿವೂ ಇರುವುದಿಲ್ಲ. ಡಾನ್ ಎಸ್ಕ್ರಿಜ್ ಎಂಬವರು 2009ರಲ್ಲಿ ಹೊರತಂದ ‘ದಿ ರೆಸಿಸ್ಟೆನ್ಸ್’ ಎಂಬ ಆಟವು ಈ ಕೊರತೆಗಳನ್ನು ನೀಗಿಸಿತು. 2012ರಲ್ಲಿ ಅದಕ್ಕೇ ಬ್ರಿಟನ್ನಿನ ಐತಿಹ್ಯದ ಆರ್ಥರ್ ರಾಜನ ಆಸ್ಥಾನದ ಕಥೆಯನ್ನು ಜೋಡಿಸಿ ‘ಅವಲಾನ್’ ಎಂದು ಹೆಸರಿಟ್ಟರು. ಹೊಸದಾಗಿ ಕಲಿಯುವ ಕುಟುಂಬಕ್ಕೆ ಇದು ತಕ್ಕ ಆಟ.

ಆಟದ ಕ್ರಮ

ಅವಲಾನ್ ಐದರಿಂದ ಹತ್ತು ಮಂದಿಯ ಆಟ; ಸುಮಾರು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅಂಗಡಿಯ ಪೆಟ್ಟಿಗೆ ಇಲ್ಲದಿದ್ದರೂ ಒಂದು ಇಸ್ಪೀಟು ಕಟ್ಟು ಮತ್ತು ಹಿಡಿ ಹುಣಿಸೆಬೀಜಗಳಿದ್ದರೆ ಆಡಬಹುದು. ಐವರ ಆಟವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮೂರು ಕೆಂಪು ಎಲೆ, ಎರಡು ಕರಿ ಎಲೆಗಳನ್ನು ಕಲಸಿ ಹಂಚಬೇಕು. ಕೆಂಪು ಬಂದವರು ರಾಜನಿಷ್ಠರು; ಕರಿ ಬಂದವರು ದ್ರೋಹಿಗಳು. ಕೆಂಪಿನಲ್ಲಿ ಒಂದು ಎಲೆ ರಾಜನಾಗಿರಲಿ. ಅದು ಬಂದವನೇ ಮರ್ಲಿನ್ ಎಂಬ ಜ್ಞಾನಿ. ಕರಿಯಲ್ಲಿ ಒಂದು ಎಲೆ ಗುಲಾಮನಾಗಿರಲಿ. ಅದು ಬಂದವನು ಘಾತುಕ. ತನ್ನ ಎಲೆಯನ್ನು ಯಾರಿಗೂ ತೋರಿಸುವಂತಿಲ್ಲ.

ಮೊದಲು ಎಲ್ಲರೂ ಮುಷ್ಟಿಯನ್ನು ಮುಂದಕ್ಕೆ ಚಾಚಿ ಕಣ್ಣು ಮುಚ್ಚಬೇಕು. ಒಬ್ಬರು ಕಣ್ಣು ಮುಚ್ಚಿಕೊಂಡೇ ಸೂಚನೆಗಳನ್ನು ಹೇಳಬೇಕು. ದ್ರೋಹಿಗಳು ಕಣ್ಣು ತೆರೆದು ಪರಸ್ಪರ ಗುರುತು ಹಿಡಿಯುತ್ತಾರೆ. ಮತ್ತೆ ಕಣ್ಣು ಮುಚ್ಚಿ ಹೆಬ್ಬೆರಳನ್ನೆತ್ತುತ್ತಾರೆ. ಆಗ ಮರ್ಲಿನ್ ಒಬ್ಬನೇ ಕಣ್ಣು ತೆರೆದು, ಎತ್ತಿದ ಹೆಬ್ಬೆರಳುಗಳನ್ನು ನೋಡಿ ದ್ರೋಹಿಗಳನ್ನು ಅರಿತುಕೊಳ್ಳುತ್ತಾನೆ. ಬಳಿಕ ಅವನು ಕಣ್ಣು ಮುಚ್ಚಿ, ಬೆರಳುಗಳು ಇಳಿದ ಮೇಲೆ, ಎಲ್ಲರೂ ಕಣ್ಣು ತೆರೆಯುತ್ತಾರೆ.

ಅನಂತರ ಐದು ರಾಜಕಾರ್ಯಗಳು. ಐವರ ಆಟದಲ್ಲಿ ಅವುಗಳಿಗೆ ಕ್ರಮವಾಗಿ 2, 3, 2, 3, 3 ಮಂದಿ ಹೋಗಬೇಕು. ನಾಯಕನಾದವನು ತಂಡವನ್ನು ಸೂಚಿಸುತ್ತಾನೆ. ಎಲ್ಲರೂ ಏಕಕಾಲಕ್ಕೆ ಮತ ನೀಡಬೇಕು. ಮುಷ್ಟಿಯಲ್ಲಿ ಹುಣಿಸೆಬೀಜವಿದ್ದರೆ ಒಪ್ಪಿಗೆ, ಬರಿಗೈಯಾದರೆ ತಿರಸ್ಕಾರ. ಬಹುಮತ ದೊರೆಯದಿದ್ದರೆ ನಾಯಕತ್ವವು ಎಡಗಡೆಯವನಿಗೆ ಹೋಗುತ್ತದೆ. ಒಂದೇ ಕಾರ್ಯಕ್ಕೆ ಸತತವಾಗಿ ಐದು ತಂಡಗಳು ತಿರಸ್ಕೃತವಾದರೆ ದ್ರೋಹಿಗಳೇ ಗೆದ್ದಂತೆ.

ತಂಡ ಒಪ್ಪಿಗೆಯಾದ ಮೇಲೆ, ಅದರಲ್ಲಿರುವ ಒಬ್ಬೊಬ್ಬರಿಗೂ ಬೇರೆ ಒಂದು ಕೆಂಪು, ಒಂದು ಕರಿ ಎಲೆ ಕೊಡಬೇಕು. ಅವರು ಅವೆರಡರಲ್ಲಿ ಒಂದನ್ನು ಗುಟ್ಟಾಗಿ ಮಗುಚಿ ಇಡುತ್ತಾರೆ. ರಾಜನಿಷ್ಠರು ಕೆಂಪನ್ನೇ ಇಡಬೇಕು. ದ್ರೋಹಿಗಳು ಯಾವುದನ್ನಾದರೂ ಇಡಬಹುದು. ಇಟ್ಟ ಎಲೆಗಳನ್ನು ಕಲಸಿ ಬಿಚ್ಚಿದಾಗ ಒಂದು ಕರಿ ಕಂಡರೂ ಕಾರ್ಯ ಕೆಟ್ಟಿತು. ಮೂರು ಕಾರ್ಯ ಕೆಟ್ಟರೆ ದ್ರೋಹಿಗಳಿಗೆ ಜಯ. ಮೂರು ಕಾರ್ಯ ಸಿದ್ಧಿಸಿದರೆ ರಾಜನಿಷ್ಠರಿಗೆ ಜಯ. ಆದರೆ ಅಲ್ಲಿಗೂ ಆಟ ಮುಗಿಯಲಿಲ್ಲ. ಘಾತುಕನು ಕೊನೆಯಲ್ಲಿ ಮರ್ಲಿನ್ ಯಾರೆಂದು ಸರಿಯಾಗಿ ಗುರುತಿಸಿದರೆ ಗೆಲುವು ದ್ರೋಹಿಗಳ ಪಾಲಾಗುತ್ತದೆ.

ಆರು ಜೋಡಿಗಳ ಲೆಕ್ಕ

ಕಲಿಯುವವರು ಮೊದಲು ಮನಗಾಣಬೇಕಾದುದು ಇಷ್ಟೇ. ಮರ್ಲಿನ್ ಅಲ್ಲದ ಸಾಮಾನ್ಯ ರಾಜನಿಷ್ಠನಿಗೆ ಉಳಿದ ನಾಲ್ವರಲ್ಲಿ ಇಬ್ಬರು ದ್ರೋಹಿಗಳೆಂಬುದು ಖಚಿತ. ನಾಲ್ವರಿಂದ ಇಬ್ಬರನ್ನು ಆರಿಸಲು ಆರೇ ದಾರಿಗಳಿವೆ. ಆದುದರಿಂದ ಅವನು ತೂಗಿ ನೋಡಬೇಕಾದುದು ಆರು ಜೋಡಿಗಳನ್ನು ಮಾತ್ರ.

ಆ ನಿಷ್ಠರು ನೀವೇ ಎಂದಿಟ್ಟುಕೊಳ್ಳಿ. ಜೊತೆಯಲ್ಲಿ ಅಣ್ಣ, ಅತ್ತಿಗೆ, ಚಿಕ್ಕಪ್ಪ, ತಂಗಿ ಕುಳಿತಿದ್ದಾರೆ. ಮೊದಲ ಕಾರ್ಯಕ್ಕೆ ಅಣ್ಣ ಅತ್ತಿಗೆಯರು ಹೋಗಿ ಒಂದು ಕರಿ ಬಂತು. ಅವರಲ್ಲಿ ಒಬ್ಬರಾದರೂ ದ್ರೋಹಿ. ಹಾಗಾದರೆ ‘ಚಿಕ್ಕಪ್ಪ–ತಂಗಿ’ ಎಂಬ ಜೋಡಿಯನ್ನು ಅಳಿಸಬಹುದು, ಉಳಿದದ್ದು ಐದು. ಎರಡನೆಯ ಕಾರ್ಯಕ್ಕೆ ನೀವು, ಅಣ್ಣ, ಚಿಕ್ಕಪ್ಪ ಹೋದಿರಿ. ಮತ್ತೆ ಒಂದು ಕರಿ. ನೀವು ಇಟ್ಟದ್ದು ಕೆಂಪು. ಎಂದ ಮೇಲೆ ‘ಅತ್ತಿಗೆ–ತಂಗಿ’ ಜೋಡಿಯೂ ಅಳಿಯಿತು. ಈಗ ಉಳಿದವು ನಾಲ್ಕು: ಅಣ್ಣ–ಅತ್ತಿಗೆ, ಅಣ್ಣ–ಚಿಕ್ಕಪ್ಪ, ಅಣ್ಣ–ತಂಗಿ, ಅತ್ತಿಗೆ–ಚಿಕ್ಕಪ್ಪ.

ಈ ಹೊತ್ತಿಗೆ ತಂಗಿಯು ನಗು ತಡೆಯಲಾರದೆ ಮುಖ ಮುಚ್ಚಿಕೊಂಡಿರಬಹುದು. ಎಲ್ಲರ ಬೆರಳೂ ಅವಳತ್ತ ತಿರುಗಿರಬಹುದು. ಲೆಕ್ಕ ಬೇರೆಯೇ ಹೇಳುತ್ತದೆ. ನಾಲ್ಕು ಜೋಡಿಗಳಲ್ಲಿ ಅವಳ ಹೆಸರು ಒಂದರಲ್ಲಿ ಮಾತ್ರವಿದೆ. ಗಂಭೀರವಾಗಿ ಕುಳಿತ ಅಣ್ಣನ ಹೆಸರು ಮೂರರಲ್ಲಿದೆ. ಮೂರನೆಯ ಕಾರ್ಯಕ್ಕೆ ಇಬ್ಬರು ಸಾಕು. ನೀವೂ ತಂಗಿಯೂ ಹೋದರೆ, ಉಳಿದ ನಾಲ್ಕು ಸಾಧ್ಯತೆಗಳ ಪೈಕಿ ಮೂರರಲ್ಲಿ ಕಾರ್ಯ ನಿರ್ವಿಘ್ನವಾಗಿ ನೆರವೇರುತ್ತದೆ.

ಆದರೆ ನಾಲ್ಕನೆಯ ಜೋಡಿಯನ್ನು ಮರೆಯುವಂತಿಲ್ಲ. ಮೊದಲ ಸಲ ಅತ್ತಿಗೆಯೂ ಎರಡನೆಯ ಸಲ ಚಿಕ್ಕಪ್ಪನೂ ಕರಿ ಇಟ್ಟಿದ್ದರೆ, ಅಣ್ಣ ಎರಡು ಸಲವೂ ಕೆಟ್ಟ ಸಹವಾಸಕ್ಕೆ ಸಿಕ್ಕಿಬಿದ್ದ ನಿರಪರಾಧಿ. ಸಂಶಯಕ್ಕೆ ಕಾರಣವಿರುವುದು ಬೇರೆ, ಅಪರಾಧ ಸಿದ್ಧವಾಗುವುದು ಬೇರೆ ಎಂಬ ವಿವೇಕವನ್ನು ಈ ನಾಲ್ಕನೆಯ ಜೋಡಿ ಕಲಿಸುತ್ತದೆ. ಹಾಗೆಯೇ, ಕಾರ್ಯವೊಂದು ಸಿದ್ಧಿಸಿತೆಂದು ಹೋದವರೆಲ್ಲರೂ ನಿಷ್ಠರೆನ್ನುವಂತಿಲ್ಲ; ನಂಬಿಕೆ ಗಳಿಸುವುದಕ್ಕಾಗಿ ದ್ರೋಹಿಯೂ ಕೆಂಪು ಇಡುವುದುಂಟು. ಯಾರು ಯಾವ ತಂಡವನ್ನು ಒಪ್ಪಿದರು, ಯಾವುದನ್ನು ತಿರಸ್ಕರಿಸಿದರು ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಉಳಿದ ಗಂಟುಗಳೂ ಮೆಲ್ಲಗೆ ಸಡಿಲವಾಗುತ್ತವೆ.

ಮುಖವನ್ನು ನಂಬಿದವರ ಗತಿ

ಇಷ್ಟು ಲೆಕ್ಕವೇಕೆ, ಸುಳ್ಳು ಹೇಳುವವರ ಕಣ್ಣೇ ಹೇಳುವುದಿಲ್ಲವೇ ಎಂದು ಕೇಳುವವರಿದ್ದಾರೆ. ಈ ನಂಬಿಕೆಯನ್ನು ವಿದ್ವಾಂಸರು ಒರೆಗೆ ಹಚ್ಚಿ ನೋಡಿದ್ದಾರೆ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ ಎಂಬ ಮನಶ್ಶಾಸ್ತ್ರಜ್ಞರು ಹಿಂದಿನ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಾವ ವಿಶೇಷ ಸಾಧನವೂ ಇಲ್ಲದೆ, ಮಾತು ಕೇಳಿ ಮುಖ ನೋಡಿ ಸತ್ಯಾಸತ್ಯ ನಿರ್ಣಯಿಸಿದ 24,000ಕ್ಕೂ ಹೆಚ್ಚು ಮಂದಿಯ ತೀರ್ಪು ಸರಾಸರಿ ನೂರಕ್ಕೆ 54 ಸಲ ಮಾತ್ರ ಸರಿಯಾಗಿತ್ತು. ನಾಣ್ಯ ಚಿಮ್ಮಿದರೂ ಐವತ್ತು ದೊರೆಯುತ್ತದೆ. ನಮ್ಮ ‘ಮುಖ ಓದುವ ವಿದ್ಯೆ’ಯ ಬೆಲೆ ನೂರಕ್ಕೆ ನಾಲ್ಕು!

ಮೌನಿಯಾದವನು, ನಾಚುವವನು, ತಡವರಿಸುವವನು, ಬೇರೆ ಧಾಟಿಯಲ್ಲಿ ಮಾತನಾಡುವವನು – ಇವರ ಮೇಲೆ ಸಂಶಯ ಬೇಗ ಎರಗುತ್ತದೆ. ಆಟದ ಕೊನೆಯಲ್ಲಿ ಎಲೆಗಳನ್ನು ಬಿಚ್ಚಿದಾಗ, ಎಲ್ಲರೂ ದೂರಿದವನ ಕೈಯಲ್ಲಿ ಕೆಂಪು ಎಲೆ ಕಾಣುವುದು ಅಪರೂಪವಲ್ಲ. ಹೊರಗಿನ ಬದುಕಿನಲ್ಲಿ ಹಾಗೆ ಎಲೆ ಬಿಚ್ಚಿ ತೋರಿಸುವ ಅವಕಾಶ ಎಲ್ಲರಿಗೂ ದೊರೆಯುವುದಿಲ್ಲ. ಮುಖ ನೋಡಿ ಮಣೆ ಹಾಕಬಾರದೆಂಬ ಮಾತನ್ನು ಉಪದೇಶವಾಗಿ ಕೇಳುವುದಕ್ಕಿಂತ, ನಿರಪರಾಧಿಯೊಬ್ಬನನ್ನು ಅರ್ಧ ಗಂಟೆ ಕಾಡಿಸಿ ಕಡೆಗೆ ಅವನ ಎಲೆ ನೋಡಿದವನು ಹೆಚ್ಚು ಚೆನ್ನಾಗಿ ಅರಿಯುತ್ತಾನೆ.

ಮರ್ಲಿನ್ನನ ಸಂಕಟ ಇನ್ನೊಂದು ಬಗೆಯದು. ಅವನಿಗೆ ಸತ್ಯ ತಿಳಿದಿದೆ. ಆದರೆ ನೇರವಾಗಿ ಹೇಳಿದರೆ ಘಾತುಕನ ಕಣ್ಣಿಗೆ ಬೀಳುತ್ತಾನೆ. ಹೇಳದಿದ್ದರೆ ತನ್ನವರು ಸೋಲುತ್ತಾರೆ. ಇತರರೇ ಕಂಡುಕೊಂಡರೆನ್ನುವ ಹಾಗೆ, ಸರಿಯಾದ ವೇಳೆಗೆ ಸರಿಯಾದ ಪ್ರಶ್ನೆಯೊಂದನ್ನು ಕೇಳಿ ಸುಮ್ಮನಾಗುವುದೇ ಅವನ ಜಾಣ್ಮೆ. ಹೊಸಬರಿಗೆ ಈ ಪಾತ್ರ ಕಷ್ಟವೆನಿಸಿದರೆ, ಮೊದಲ ಕೆಲವು ಆಟಗಳನ್ನು ಮರ್ಲಿನ್ ಮತ್ತು ಘಾತುಕರಿಲ್ಲದೆ ಆಡಬಹುದು.

ಮನೆಯಲ್ಲಿ ಆಡುವಾಗ

ಕೆಲವು ಕಟ್ಟಳೆಗಳನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ದೇವರಾಣೆ, ಅಮ್ಮನಾಣೆ ಇಡಕೂಡದು. ಇಂತಹ ಆಣೆಯಿಂದ ಆಟವೂ ಕೆಡುತ್ತದೆ, ಆಣೆಯ ಗೌರವವೂ ಕೆಡುತ್ತದೆ. ‘ನೀನು ಮೊದಲಿನಿಂದಲೂ ಸುಳ್ಳುಗಾರ’ ಎಂಬಂತಹ ಹಳೆಯ ದೂರುಗಳನ್ನು ನಡುವೆ ತರಬಾರದು. ಯಾರನ್ನು ದೂರಿದರೂ ಕಾರಣ ಹೇಳಲೇಬೇಕು. ಆಡಿದ ಸುಳ್ಳು ಆಟದೊಂದಿಗೇ ಮುಗಿಯಿತೆಂಬುದು ಚಿಕ್ಕವರಿಗೂ ದೊಡ್ಡವರಿಗೂ ಸ್ಪಷ್ಟವಾಗಿರಬೇಕು. ಸುಳ್ಳಿಗೂ ನಟನೆಗೂ ಇರುವ ಅಂತರ ಇನ್ನೂ ತಿಳಿಯದ ಎಳೆಯ ಮಕ್ಕಳಿಗೆ ರಾಜ–ಮಂತ್ರಿ ಚೀಟಿಯಾಟವೇ ಸಾಕು.

ಗಡಿಯಾಚೆಯ ನಮ್ಮಂತಹ ಮನೆಗಳಿಗೆ ಈ ಆಟದಿಂದ ಇನ್ನೊಂದು ಲಾಭವೂ ಉಂಟು. ಮಲಯಾಳ, ತಮಿಳು, ಮರಾಠಿ, ತೆಲುಗು ಅಥವಾ ಇಂಗ್ಲಿಷಿನಲ್ಲಿ ಓದುವ ಮಕ್ಕಳಿಗೆ ಕನ್ನಡವು ಮೆಲ್ಲಮೆಲ್ಲನೆ ‘ಊಟಕ್ಕೆ ಬಾ’, ‘ಬಾಗಿಲು ಹಾಕು’ ಎಂಬಷ್ಟಕ್ಕೆ ಕುಗ್ಗುವ ಅಪಾಯವಿದೆ. ಆಜ್ಞೆಯ ಭಾಷೆಯಾಗಿ ಉಳಿದು, ವಿಚಾರದ ಭಾಷೆಯಾಗಿ ಅದು ಅಳಿಯುತ್ತದೆ. ಈ ಆಟದಲ್ಲಾದರೋ ಮಾತೇ ಬಂಡವಾಳ. ‘ಒಂದು ವೇಳೆ’, ‘ಹಾಗಿದ್ದಲ್ಲಿ’, ‘ಏಕೆಂದರೆ’, ‘ಆದರೂ’ – ಇವಿಲ್ಲದೆ ಒಂದು ಹೆಜ್ಜೆಯೂ ಸಾಗದು. ಆಟದ ಮಾತೆಲ್ಲ ಕನ್ನಡದಲ್ಲೇ ಇರಬೇಕೆಂದು ನಿಯಮ ಮಾಡಿಕೊಂಡರೆ, ಮಕ್ಕಳು ಪಾಠವೆಂದರಿಯದೆ ವಾದಿಸಲು, ಸಮರ್ಥಿಸಿಕೊಳ್ಳಲು, ಆಕ್ಷೇಪಿಸಲು ಕಲಿಯುತ್ತಾರೆ. ತಡವರಿಸಿದವರನ್ನು ದ್ರೋಹಿಯೆನ್ನದೆ, ಮಾತು ಮುಗಿಸುವ ತನಕ ಕಾಯುವುದು ಮಾತ್ರ ಹಿರಿಯರ ಹೊಣೆ.

ರಜೆಯಲ್ಲಿ ನೆಂಟರಿಷ್ಟರು ಕೂಡಿದ ಒಂದು ಸಂಜೆ ಐವರು ಸಿಕ್ಕರೆ ಸಾಕು, ಎಲೆಗಳನ್ನು ಕಲಸಬಹುದು. ಗೆದ್ದವರು ಯಾರೆಂಬುದು ಮರುದಿನಕ್ಕೆ ಮರೆತುಹೋಗುತ್ತದೆ. ದೂರುವ ಮುನ್ನ ಜೋಡಿಗಳನ್ನು ಎಣಿಸುವ ಅಭ್ಯಾಸ ಮಾತ್ರ ಉಳಿಯಬೇಕು.